ಉದ್ದ ಕಾಲಿನ ಹುಳುವಿಗೆ ಕೊಂಬು

ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಪೆಟ್ಟಿಗೆ, ಮೇಲೊಂದು ಗಾಜಿನ ಮುಚ್ಚಳ. ಒಳಗೆ ಬಿಳಿ ರಟ್ಟಿನ ತುಣುಕಿನ ಮೇಲೆ ಕಡಲೆಕಾಳಿನ ಗಾತ್ರದ ಒಂದು ಕಪ್ಪು ಹುಳು. ರಟ್ಟಿಗೆ ಚುಚ್ಚಿದ ಸೂಜಿಯಲ್ಲೇ, ಅದರ ಕೆಳಗೆ, ಒಂದು ಕೆಂಪು ಚೀಟಿ. ನನ್ನ ಸಂಶೋಧನೆಯ ಐದು ವರ್ಷವೂ ಬೆಳಿಗ್ಗೆ ವಿಭಾಗಕ್ಕೆ ಹೋದವಳು ಮೊದಲು ನೋಡುತ್ತಿದ್ದುದು ಇದನ್ನೇ. ತಲೆ ತಗ್ಗಿಸಿ, ಹಿಂಗಾಲು ಚಾಚಿ, ಹಣೆಯ ಮೇಲಿನ ಕವಲು ಕೊಂಬನ್ನು ನನ್ನ ಕಡೆಗೇ ಗುರಿಯಿಟ್ಟುಕೊಂಡು ಅದು ಕೂತಿರುತ್ತಿತ್ತು. ಎಷ್ಟೋ ದಿನ ನಾನದನ್ನು ಗಟ್ಟಿಯಾಗಿ ಬೈದದ್ದೂ ಉಂಟು.

ನಾನು ಸಗಣಿ ಹುಳುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಈಗ ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ, ಆಗ ಹೇಳುತ್ತಿರಲಿಲ್ಲ. ನನ್ನ ಅಮ್ಮನಂತೂ ನೆಂಟರು ಕೇಳಿದರೆ, "ಅದೇನೋ ಕೀಟದ ಸೈನ್ಸು" ಎಂದಷ್ಟು ಹೇಳಿ ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ಹೆಣ್ಣು ನೋಡಲು ಬಂದವರೊಬ್ಬರು ಒಮ್ಮೆ, ಹುಳುಗಳನ್ನು ಎಲ್ಲಿಂದ ಹಿಡಿದು ತರುತ್ತೀರಿ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮತ್ತೆ ಬರಲಿಲ್ಲ, ನನಗೇನೂ ಬೇಜಾರಾಗಲಿಲ್ಲ.

ಸಗಣಿ ಹುಳುಗಳಲ್ಲಿ, ಕತೆಗೆ ಬೇಕಾದಷ್ಟು ಹೇಳುವುದಾದರೆ, ಎರಡು ಬಗೆಯ ಬದುಕು. ಕೆಲವು ಸಗಣಿಯನ್ನು ಉಂಡೆ ಕಟ್ಟಿ, ಹಿಂಗಾಲಿನಿಂದ ತಳ್ಳಿಕೊಂಡು ದೂರ ಹೋಗುತ್ತವೆ. ಇವಕ್ಕೆ ಉದ್ದನೆಯ ಬಾಗಿದ ಹಿಂಗಾಲು, ಬೋಳು ತಲೆ. ಇನ್ನು ಕೆಲವು ಎಲ್ಲಿಗೂ ಹೋಗುವುದಿಲ್ಲ. ಸಗಣಿಯ ಅಡಿಯಲ್ಲೇ ಬಿಲ ತೋಡಿ ಸಂಸಾರ ಹೂಡುತ್ತವೆ. ಆ ಬಿಲದ ಬಾಯಿ ಕಾಯಲು ಗಂಡು ಹುಳುವಿನ ತಲೆಯ ಮೇಲೆ ಕೊಂಬು. ಉರುಳಿಸುವವಕ್ಕೆ ಕೊಂಬಿಲ್ಲ, ತೋಡುವವಕ್ಕೆ ಉದ್ದ ಕಾಲಿಲ್ಲ. ಕಾಯಲು ಬಿಲವೇ ಇಲ್ಲದವನಿಗೆ ಕೊಂಬಾದರೂ ಯಾಕೆ ಬೇಕು? ಆದರೆ ಆ ಪುಟ್ಟ ಪೆಟ್ಟಿಗೆಯೊಳಗಿನ ಹುಳುವಿಗೆ ಎರಡೂ ಇತ್ತು.

ಅದನ್ನು ಕಂಡುಹಿಡಿದವರು ನನ್ನ ಗೈಡ್, ಪ್ರೊಫೆಸರ್ ಗಂಗಾಧರಯ್ಯನವರು. ಆಗ್ಗೆ ಇಪ್ಪತ್ತಾರು ವರ್ಷದ ಹಿಂದೆ ಅವರು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷದ ಮಳೆಗಾಲದಲ್ಲಿ, ಊರಿನಿಂದ ಅರ್ಧ ದಿನದ ದಾರಿಯ ಕುರಿಗುಡ್ಡದಲ್ಲಿ ನೂರಾರು ಹುಳು ಹಿಡಿದು ತಂದಿದ್ದರು. ಚಳಿಗಾಲದಲ್ಲಿ ಕೂತು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ನೋಡುವಾಗ ಇದು ಸಿಕ್ಕಿತು. ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಉರುಳಿಸುವವು, ತೋಡುವವು ಎಂಬ ಎರಡು ದೊಡ್ಡ ಕವಲುಗಳ ನಡುವಿನ ಕೊಂಡಿ ಇದೇ ಎಂದು ಸರ್ ಬರೆದರು. ಅದಕ್ಕೊಂದು ಹೊಸ ಕುಲವನ್ನೇ ಕಟ್ಟಿದರು, ಮತ್ತು ಹೊಸ ಮದುವೆಯ ಹುರುಪಿನಲ್ಲಿ ಹೆಂಡತಿ ವಿಶಾಲಾಕ್ಷಮ್ಮನವರ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿ ಅದಕ್ಕೆ ಇಟ್ಟರು. ಕೆಂಪು ಚೀಟಿಯ ಅರ್ಥ ಅದೇ: ಈ ಹೆಸರಿಗೆ ಸಾಕ್ಷಿ ಈ ಹುಳು. ಹೊರದೇಶದವರ ಪುಸ್ತಕಗಳಲ್ಲೂ ಅದರ ಚಿತ್ರ ಬಂತು. ವಿಶಾಲಾಕ್ಷಮ್ಮನವರು ಮಾತ್ರ ಅದರ ಬಗ್ಗೆ ಯಾರಾದರೂ ಎತ್ತಿದರೆ ಬೇರೆ ಮಾತಿಗೆ ಹೋಗುತ್ತಿದ್ದರು.

ತೊಂದರೆ ಒಂದೇ. ಎರಡನೆಯದು ಸಿಗಲಿಲ್ಲ. ಪ್ರತಿ ವರ್ಷ ಮಳೆ ಹಿಡಿಯುತ್ತಲೇ ಸರ್ ಬಾಟಲಿ, ಕೈಗುದ್ದಲಿ, ಕೊಡೆ ಹಿಡಿದು ಕುರಿಗುಡ್ಡಕ್ಕೆ ಹೋಗುತ್ತಿದ್ದರು. ಕುರಿ, ದನ, ಮೊಲ, ಕಾಡುಹಂದಿ, ಯಾವುದು ಎಲ್ಲಿ ಏನು ಬಿಟ್ಟಿದ್ದರೂ ಅದನ್ನು ಕೆದಕಿ ನೋಡಿ ಮೂರ್ನಾಲ್ಕು ದಿನ ಬಿಟ್ಟು ಮೊಣಕಾಲುದ್ದ ಕೆಸರಿನಲ್ಲಿ ವಾಪಸಾಗುತ್ತಿದ್ದರು. "ಅಪರೂಪದ್ದು ಕಣಮ್ಮ, ತುಂಬ ಅಪರೂಪದ್ದು" ಎನ್ನುತ್ತಿದ್ದರು. ಕೊನೆಕೊನೆಗೆ ಅದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ನನ್ನ ಕೆಲಸ ಈ ಭಾಗದ ಅರವತ್ತೊಂದು ಜಾತಿಯ ಹುಳುಗಳ ವಂಶವೃಕ್ಷ ಕಟ್ಟುವುದು. ಕಾಲು, ಮೀಸೆ, ರೆಕ್ಕೆಯ ಗೀರು, ಬಾಯಿಯ ಆಕಾರ ಹೀಗೆ ಎಂಬತ್ತು ಚಿಲ್ಲರೆ ಲಕ್ಷಣಗಳನ್ನು ಪಟ್ಟಿ ಮಾಡಿ, ಯಾರಿಗೆ ಯಾರು ಹತ್ತಿರದ ನೆಂಟರು, ಯಾರಿಂದ ಯಾರು ಕವಲೊಡೆದರು ಎಂದು ಹೇಳಬೇಕು. ಅರವತ್ತು ಹುಳುಗಳನ್ನು ಇಟ್ಟು ಕಟ್ಟಿದರೆ ಮರ ನೆಟ್ಟಗೆ ನಿಲ್ಲುತ್ತಿತ್ತು. ಅರವತ್ತೊಂದನೆಯದಾಗಿ ಸರ್ ಅವರ ಹುಳುವನ್ನು ಸೇರಿಸಿದೆನೋ, ಇಡೀ ಮರ ಕುಸಿದು ಪೊದೆಯಾಗುತ್ತಿತ್ತು. ಒಂದು ಸಲ ಅದು ಈ ಕೊಂಬೆಗೆ ಹತ್ತಿದರೆ ಇನ್ನೊಂದು ಸಲ ಆ ಕೊಂಬೆಗೆ. ಹತ್ತಿದ ಕಡೆಯೆಲ್ಲ ಅಕ್ಕಪಕ್ಕದವರನ್ನೂ ಕೆಡಿಸುತ್ತಿತ್ತು. ತಪ್ಪು ನನ್ನದೇ ಎಂದುಕೊಂಡು ಎಂಬತ್ತು ಲಕ್ಷಣಗಳನ್ನೂ ಮೂರು ಸಲ ಮೊದಲಿನಿಂದ ನೋಡಿದೆ. ಸಾಧಾರಣವಾಗಿ ನಾನು ಅಳುವವಳಲ್ಲ, ಆದರೆ ಮೂರನೆಯ ಸಲ ಮುಗಿದ ದಿನ ವಿಭಾಗದ ಮೆಟ್ಟಿಲ ಮೇಲೆ ಕೂತು ಅತ್ತೆ.

ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಮೂರನೆಯದು ಇಲ್ಲ ಎಂದು ಕಾಗದ ಬಂತು. ಇನ್ನು ಆರು ವಾರದಲ್ಲಿ ಪ್ರಬಂಧ ಕೊಡದಿದ್ದರೆ ನನ್ನ ನೋಂದಣಿಯೇ ರದ್ದು. ಆ ಹುಳುವನ್ನು ಬಿಟ್ಟು ಪ್ರಬಂಧ ಬರೆಯುವಂತೆಯೂ ಇರಲಿಲ್ಲ, ಶೀರ್ಷಿಕೆಯಲ್ಲೇ ಅದಿತ್ತು. ಅದೇ ಸಮಯಕ್ಕೆ, ಕೊನೆಯ ಸೆಮಿನಾರಿನಲ್ಲಿ ಹೊರಗಿನಿಂದ ಬಂದ ತಜ್ಞರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು, "ಇದರ ಬಾಯಿಯ ಭಾಗ ಬಿಡಿಸಿ ನೋಡಿದೀರೇನಮ್ಮಾ?"

ನೋಡಿರಲಿಲ್ಲ. ಒಣಗಿದ ಹುಳುವಿನ ಬಾಯಿ ಬಿಡಿಸಬೇಕಾದರೆ ಅದನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಉಳಿದ ಅರವತ್ತನ್ನೂ ನಾನು ಹಾಗೆಯೇ ನೆನೆಸಿ ನೋಡಿದ್ದೆ, ಇದರ ಬಾಯಿಯ ಲಕ್ಷಣಗಳನ್ನು ಮಾತ್ರ ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದೆ. ಜಗತ್ತಿನಲ್ಲಿ ಒಂದೇ ಒಂದಿರುವ ಇದನ್ನು ನೀರಿಗೆ ಹಾಕಲು ಸರ್ ಯಾರಿಗೂ ಬಿಟ್ಟಿರಲಿಲ್ಲ, ತಾವೂ ಹಾಕಿರಲಿಲ್ಲ. ಸೆಮಿನಾರ್ ಮುಗಿದ ಮೇಲೆ ನಾನು ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಬಹಳ ಹೊತ್ತು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದರು. ಸರಿಮಾಡುವಂಥದ್ದು ಅಲ್ಲೇನೂ ಇರಲಿಲ್ಲ.

"ಮಾಡಮ್ಮ," ಎಂದರು ಕೊನೆಗೆ. "ಮಾಡ್ಲೇಬೇಕು. ಆದ್ರೆ ನಾನು ಇಲ್ಲಿರೋವಾಗ ಬೇಡ. ನಾಳಿದ್ದು ಗುಡ್ಡಕ್ಕೆ ಹೋಗ್ತೀನಲ್ಲ, ಆವಾಗ ಮಾಡು. ನನ್ ಕೈಲಿ ನೋಡಕ್ಕಾಗಲ್ಲ."

ಅವರು ಹೊರಟ ದಿನ ಬೆಳಿಗ್ಗೆ ಹತ್ತಕ್ಕೆ ನೀರು ಕಾಯಿಸಿದೆ. ಬೆರಳಿಟ್ಟು ನೋಡಿದೆ, ಮಗುವಿಗೆ ಎರೆಯುವ ಹದ. ಗಾಜಿನ ಬಟ್ಟಲಿಗೆ ನೀರು ಸುರಿದು, ರಟ್ಟಿನ ಸಮೇತ ಹುಳುವನ್ನು ಮೆಲ್ಲಗೆ ಅದರಲ್ಲಿ ಇಳಿಸಿ, ಮೇಲೆ ಮುಚ್ಚಳ ಇಟ್ಟೆ. ಮೂರು ಗಂಟೆ ಬಿಟ್ಟು ತೆರೆಯಬೇಕು. ಆ ಮೂರು ಗಂಟೆ ನಾನು ಬೇರೆ ಕೆಲಸ ಮಾಡುವವಳ ಹಾಗೆ ನಟಿಸಿದೆ.

ಮುಚ್ಚಳ ತೆಗೆದಾಗ ರಟ್ಟು ಒಂದು ಕಡೆ ತೇಲುತ್ತಿತ್ತು. ಅದು ಸರಿ, ಗೋಂದು ಕರಗಿದರೆ ರಟ್ಟು ಬಿಡಲೇಬೇಕು. ಹುಳು ತಳದಲ್ಲಿತ್ತು. ಹುಳುವಿನ ತಲೆ, ಕೊಂಬಿನ ಸಮೇತ, ಮೈಯಿಂದ ಒಂದು ಬೆರಳಿನಷ್ಟು ದೂರ ಬಿದ್ದಿತ್ತು.

ನಾನು ಅದನ್ನು ಮುಟ್ಟಿಯೂ ಇರಲಿಲ್ಲ! ನೀರು ಹೆಚ್ಚು ಬಿಸಿಯಾಗಿತ್ತೇ? ಇಪ್ಪತ್ತಾರು ವರ್ಷದ ಒಣಗಿದ ಕತ್ತು ತಾಳಲಿಲ್ಲವೇ? ಇಪ್ಪತ್ತಾರು ವರ್ಷ ಅವರು ಕಾಪಾಡಿಕೊಂಡು ಬಂದದ್ದನ್ನು ಅವರು ಬೆನ್ನು ತಿರುಗಿಸಿದ ಮೊದಲ ದಿನವೇ ನಾನು ಮುರಿದಿದ್ದೆ. ಮನಸ್ಸಿನಲ್ಲಿ ಅವರ ಮುಖ ಬಂತು, ವಿಶಾಲಾಕ್ಷಮ್ಮನವರ ಮುಖ ಬಂತು, ರದ್ದು ಎಂಬ ಕಾಗದ ಬಂತು. ಐದು ವರ್ಷ ಕಂಡದ್ದನ್ನೆಲ್ಲ ಸೂಕ್ಷ್ಮದರ್ಶಕದಲ್ಲಿಟ್ಟು ನೋಡುತ್ತಿದ್ದವಳು ಅವತ್ತು ಮೊದಲು ನೋಡಬೇಕಾಗಿದ್ದ ಆ ಕತ್ತನ್ನೇ ನೋಡಲಿಲ್ಲ. ಹೆದರಿಕೆ ಅಂಥದ್ದು.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಆಗ ಹೊಳೆದ ಮೊದಲ ಉಪಾಯ, ತಲೆಯನ್ನು ಮತ್ತೆ ಅಂಟಿಸಿಬಿಡುವುದು. ಬಾಯಿಯ ಭಾಗವನ್ನು ಬಿಡಿಸಿ ನೋಡಿಯಾಯಿತು ಅನ್ನುವುದು, ತಲೆ ಕೂರಿಸುವುದು, ಪೆಟ್ಟಿಗೆ ಮುಚ್ಚುವುದು. ಯಾರಿಗೆ ಗೊತ್ತಾಗುತ್ತದೆ? ಸುಳ್ಳು ಹೇಳಿ ಅಭ್ಯಾಸವಿಲ್ಲದ ನನಗೆ ಅದೆಷ್ಟು ಸರಾಗವಾಗಿ ಅದು ಹೊಳೆಯಿತು ಎಂದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಹುಳುವಿನ ಮೈಯನ್ನೂ ತಲೆಯನ್ನೂ ಒರಸು ಕಾಗದದ ಮೇಲೆ ಎತ್ತಿಟ್ಟುಕೊಂಡು, ಗೋಂದು ಹುಡುಕಿಕೊಂಡು ಸಂಗ್ರಹದ ಕೋಣೆಗೆ ಹೋದೆ.

ಸಂಗ್ರಹದ ಕೋಣೆಗೆ ಮುದ್ದುರಂಗಯ್ಯನವರೇ ಯಜಮಾನರು. ಹೆಸರಿಗೆ ಅಟೆಂಡರ್, ಆದರೆ ಯಾವ ಬೀರುವಿನ ಯಾವ ಅರೆಯಲ್ಲಿ ಯಾವ ಪೆಟ್ಟಿಗೆ ಇದೆ ಎಂದು ಅವರನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಕೀಟ ತಿನ್ನುವ ಕೀಟ ಬಾರದ ಹಾಗೆ ನುಸಿಗುಳಿಗೆ ಇಡುವುದು, ಸೂಜಿ ತುಕ್ಕು ಹಿಡಿದರೆ ಬದಲಿಸುವುದು, ಮುರಿದ ಕಾಲು ಅಂಟಿಸುವುದು ಎಲ್ಲ ಅವರದೇ ಕೈ. ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ರಂಗಯ್ಯನೋರೇ, ಸ್ವಲ್ಪ ಗೋಂದು ಬೇಕಿತ್ತು," ಎಂದೆ.

ಅವರು ಎದ್ದು ಬಂದು ನನ್ನ ಕೈಯ ಕಾಗದದ ಮೇಲಿದ್ದುದನ್ನು ಬಾಗಿ ನೋಡಿದರು. ನೋಡಿ, ಹಳೆಯ ಪರಿಚಯದವರನ್ನು ಸಂತೆಯಲ್ಲಿ ಕಂಡವರಂತೆ ಹುಬ್ಬೇರಿಸಿದರು.

"ಅಯ್ಯೋ, ಇದು ಮತ್ತೆ ಬಿದ್ದೋಯ್ತಾ?"

ಆ ‘ಮತ್ತೆ’ ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಮತ್ತೆ ಅಂದ್ರೆ?" ಎಂದೆ.

"ಹಿಂದೊಂದ್ಸಲ ಬಿದ್ದಿತ್ತು ಕಣಮ್ಮಾವ್ರೆ. ನಾನೇ ಅಂಟ್ಸಿದ್ದೆ. ಜಾಲಿ ಗೋಂದು, ನೀರು ಬಿತ್ತೂಂದ್ರೆ ಬಿಟ್ಕೊಳತ್ತೆ. ಈಗ ಬ್ಯಾರೆ ಚೆನ್ನಾಗಿರೋದು ಬಂದದೆ, ತಾಳಿ ಕೊಡ್ತೀನಿ."

"ಯಾವಾಗ ಬಿದ್ದಿತ್ತು? ಸರ್‌ಗೆ ಗೊತ್ತಾ?"

"ಅವ್ರಿಗೇನ್ ಗೊತ್ತು, ಅವ್ರು ರಜಕ್ಕೆ ಊರಿಗೆ ಹೋಗಿದ್ರು. ನಾನು ಕೆಲ್ಸಕ್ಕೆ ಸೇರಿದ್ ವರ್ಷ ಅದು. ಆಯುಧಪೂಜೆ." ಅವರು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳತೊಡಗಿದರು.

ವಿಭಾಗದಲ್ಲಿ ಆಯುಧಪೂಜೆಯೆಂದರೆ ಸೂಕ್ಷ್ಮದರ್ಶಕ, ಬಲೆ, ಕತ್ತರಿಗಳ ಜೊತೆಗೆ ಆ ವರ್ಷ ಹಿಡಿದು ತಂದ ಹುಳುಗಳ ಪೆಟ್ಟಿಗೆಗಳನ್ನೂ ಉದ್ದನೆಯ ಮೇಜಿನ ಮೇಲೆ ಜೋಡಿಸಿ, ಹೂವೇರಿಸಿ, ಮಂಗಳಾರತಿ ಎತ್ತುವುದು. ನಾನೂ ಐದು ವರ್ಷ ಅಲ್ಲಿ ನಿಂತು ಕಡಲೆಪುರಿ ತಿಂದವಳು. ಮುದ್ದುರಂಗಯ್ಯನವರ ಮೊದಲ ಆಯುಧಪೂಜೆಯಂದು ಒಂದು ಪೆಟ್ಟಿಗೆ ಕೈಜಾರಿತು. ಎತ್ತಿ ನೋಡಿದರೆ ಎರಡು ಹುಳುಗಳ ತಲೆ ಉದುರಿ ಮೂಲೆಗೆ ಸೇರಿದ್ದವು.

"ಮುಕ್ಕಾದ್ದನ್ನ ಪೂಜೆಗೆ ಇಡಾಕಾಯ್ತದಾ? ಆಗಾಕಿಲ್ಲ. ಪೂಜಾರಪ್ಪ ಬ್ಯಾರೆ ಬಂದು ಕೂತವ್ನೆ. ಅದಕ್ಕೇ ಬ್ಯಾಗ ಬ್ಯಾಗ ಅಂಟ್ಸಿಬುಟ್ಟೆ."

"ಯಾವ ತಲೆ ಯಾವುದಕ್ಕೆ ಅಂತ ಹೇಗೆ ಗೊತ್ತಾಯ್ತು?"

"ಎರಡೂ ಕರೀದೇ, ಎರಡೂ ಒಂದೇ ಗಾತ್ರ. ಒಂದು ತಲೇಲಿ ಕೊಂಬಿತ್ತು, ಒಂದು ಬೋಳು. ನಾನೂ ಯೋಚ್ನೆ ಮಾಡ್ದೆ ಅಮ್ಮಾವ್ರೆ, ಸುಮ್ಕೆ ಅಂಟ್ಸಿಲ್ಲ. ಒಂದಕ್ಕೆ ಉದ್ದುದ್ದ ಕಾಲು, ನೋಡಕ್ಕೆ ಗತ್ತಾಗಿತ್ತು. ಕೊಂಬು ಅದ್ಕೇ ಇರ್ಬೇಕು ಅಂತ ಅದ್ಕೇ ಕೂರ್ಸಿದೆ. ಚೆನ್ನಾಗ್ ಕೂತ್ಕೊಂತು."

ನಾನು ಸ್ಟೂಲಿನ ಮೇಲೆ ಕುಸಿದು ಕೂತೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು. ನನಗೆ ತಲೆ ತಿರುಗಿದ್ದೇನೋ ನಿಜ, ಆದರೆ ಅವರು ತಿಳಿದ ಕಾರಣಕ್ಕಲ್ಲ. ಕೊಂಡಿ, ಹೊಸ ಕುಲ, ಪುಸ್ತಕಗಳಲ್ಲಿನ ಚಿತ್ರ, ನನ್ನ ಐದು ವರ್ಷ, ಎಲ್ಲವೂ ಒಬ್ಬ ಹೊಸ ಅಟೆಂಡರು ಪೂಜೆಗೆ ತಡವಾಗಬಾರದೆಂದು ಮಾಡಿದ ಅಂದಾಜು!

ಮಾತು ಕೇಳಿದ್ದಷ್ಟೇ ಸಾಲದು, ಸಾಕ್ಷಿ ಬೇಕಿತ್ತು. ಆ ಎರಡನೆಯ ಹುಳು ಎಲ್ಲೋ ಇರಲೇಬೇಕು; ತೋಡುವ ಹುಳುವಿನ ಗಿಡ್ಡ ಮೈಗೆ ಉರುಳಿಸುವ ಹುಳುವಿನ ಬೋಳು ತಲೆ ಹೊತ್ತುಕೊಂಡು. ಬಿಲ ತೋಡುವ ಹೆಣ್ಣುಗಳಿಗೆ ಹೇಗೂ ಕೊಂಬಿರುವುದಿಲ್ಲ, ಹಾಗಾಗಿ ಬೋಳು ತಲೆ ಕಂಡು ಯಾರೂ ಅನುಮಾನಿಸಿರಲಾರರು. ಅದೊಂದು ತೀರ ಸಾಮಾನ್ಯ ಜಾತಿ. ನಮ್ಮ ಸಂಗ್ರಹದಲ್ಲೇ ನೂರಾರು ಇದ್ದವು, ಸಾಮಾನ್ಯವೆಂದು ಅದನ್ನು ಎರಡನೆಯ ಸಲ ನೋಡುವವರೇ ಇರಲಿಲ್ಲ. ಕುರಿಗುಡ್ಡ, ಅದೇ ವರ್ಷ, ಅದೇ ತಾರೀಖು ಇದ್ದ ಮೂವತ್ತೊಂದು ಹುಳುಗಳನ್ನು ರಂಗಯ್ಯನವರು ಬೀರುವಿನಿಂದ ತೆಗೆದುಕೊಟ್ಟರು. ಮಾರನೆಯ ದಿನ ಬೆಳಿಗ್ಗೆಯಿಂದ ಒಂದೊಂದನ್ನೇ ಸೂಕ್ಷ್ಮದರ್ಶಕದಡಿ ಇಟ್ಟೆ. ಇಪ್ಪತ್ತೇಳನೆಯದರ ಕತ್ತಿನಡಿಯಲ್ಲಿ ಜೇನುಬಣ್ಣದ ಗೋಂದಿನ ಗೆರೆ ಕಂಡಿತು. ನೆನೆಸಿದೆ. ತಲೆ ಬಿಟ್ಟುಕೊಂಡಿತು. ಈ ಬೋಳು ತಲೆಯನ್ನು ಆ ಉದ್ದ ಕಾಲಿನ ಮೈಗೆ ಹಿಡಿದರೆ ಡಬ್ಬಿಗೆ ಅದರ ಮುಚ್ಚಳ ಕೂತ ಹಾಗೆ ಕೂತಿತು.

ಎರಡೂ ಹುಳುಗಳು ಜಗತ್ತಿಗೆಲ್ಲ ಗೊತ್ತಿದ್ದವೇ. ಹೊಸದು ಯಾವುದೂ ಇರಲಿಲ್ಲ. ಪಟ್ಟಿಯಿಂದ ಅರವತ್ತೊಂದನೆಯದನ್ನು ತೆಗೆದು ಮರ ಕಟ್ಟಿದೆ. ಬುಡದಿಂದ ತುದಿಯವರೆಗೆ ಒಂದು ಕೊಂಬೆಯೂ ಅಲುಗಾಡದೆ ನಿಂತಿತು. ಮೂರು ಸಲ ಕಣ್ಣು ನೋಯುವಷ್ಟು ನೋಡಿದ ಆ ಎಂಬತ್ತು ಲಕ್ಷಣಗಳಲ್ಲಿ ಒಂದೂ ತಪ್ಪಿರಲಿಲ್ಲ. ನಾನು ದಡ್ಡಿಯಾಗಿರಲಿಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳಿಕೊಂಡೆ, ಖಾಲಿ ಪ್ರಯೋಗಾಲಯದಲ್ಲಿ, ಎರಡು ಸಲ.

ಆದರೆ ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಸರ್‌ಗೆ ಹೇಳಬೇಕಲ್ಲ! ಅವರ ಬದುಕಿನ ದೊಡ್ಡ ಕೆಲಸವೆಂದರೆ ಆ ಹುಳು. ಸಭೆಗಳಲ್ಲಿ ಅವರನ್ನು ಪರಿಚಯಿಸುತ್ತಿದ್ದುದೇ ಅದರ ಹೆಸರಿನಿಂದ. ಮುಂದಿನ ವರ್ಷ ಅವರೂ ನಿವೃತ್ತರಾಗುವವರು. ಹೇಳಿದರೆ ಅವರ ಹೆಸರು ಹೋಗುತ್ತದೆ, ಹೇಳದಿದ್ದರೆ ನನ್ನ ಪ್ರಬಂಧ ಹೋಗುತ್ತದೆ. ಜೊತೆಗೆ, ಗೊತ್ತಿದ್ದೂ ಸುಳ್ಳು ಬರೆದವಳು ಎಂದು ನಾನು ಸಾಯುವವರೆಗೂ ನನಗೇ ಗೊತ್ತಿರುತ್ತದೆ. ರಂಗಯ್ಯನವರ ಚಿಂತೆ ಬೇರೆ. ಅವರಿಗೂ ಅಷ್ಟು ಹೊತ್ತಿಗೆ ಏನೋ ಎಡವಟ್ಟಾಗಿದೆ ಎಂದು ಅನುಮಾನ ಬಂದಿತ್ತು. "ಸಾಹೇಬ್ರಿಗೆ ನನ್ ಹೆಸ್ರು ಹೇಳ್ಬ್ಯಾಡಿ ಅಮ್ಮಾವ್ರೆ, ಹೋಗೋ ಕಾಲ್ದಲ್ಲಿ ಕೆಟ್ಟ ಹೆಸ್ರು ಬ್ಯಾಡ," ಎಂದು ಕೈಮುಗಿದರು. ಅವರು ಕೈಮುಗಿದದ್ದು ನನಗೆ ಸಹಿಸಲಾಗಲಿಲ್ಲ. ಹೇಳುವುದಿಲ್ಲ ಎಂದೆ.

ಮೂರನೆಯ ದಿನ ಮಧ್ಯಾಹ್ನ ಸರ್ ಬಂದರು. ಮನೆಗೂ ಹೋಗದೆ ನೆಟ್ಟಗೆ ವಿಭಾಗಕ್ಕೇ ಬಂದಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಹೆಗಲ ಚೀಲದಲ್ಲಿ ಖಾಲಿ ಬಾಟಲಿಗಳ ಸದ್ದು. ಆ ಸದ್ದು ಕೇಳಿಯೇ ಈ ವರ್ಷವೂ ಸಿಗಲಿಲ್ಲವೆಂದು ತಿಳಿಯಿತು. ಅವರು ಚೀಲ ಇಳಿಸುವ ಮೊದಲೇ ನಾನು ಪೆಟ್ಟಿಗೆ ತೆಗೆದು ಅವರ ಮುಂದಿಟ್ಟೆ. ಗಾಜಿನ ಮುಚ್ಚಳದಡಿ ಈಗ ಒಂದರ ಬದಲು ನಾಲ್ಕು ತುಣುಕುಗಳಿದ್ದವು, ಎರಡು ಮೈ, ಎರಡು ತಲೆ. ನಡುವೆ ಆ ಕೆಂಪು ಚೀಟಿ.

"ಸರ್, ತಲೆ ಇದರದ್ದಲ್ಲ," ಎಂದೆ. ಎರಡು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಇದೊಂದೇ ಬಾಯಿಗೆ ಬಂತು.

ಅವರು ಕೈತೊಳೆದುಕೊಂಡು ಬಂದು ಸೂಕ್ಷ್ಮದರ್ಶಕದ ಮುಂದೆ ಕೂತರು. ಮೊದಲು ಕೊಂಬಿನ ತಲೆ ನೋಡಿದರು, ಆಮೇಲೆ ಬೋಳು ತಲೆ, ಆಮೇಲೆ ಎರಡೂ ಕತ್ತುಗಳು, ಗೋಂದಿನ ಗೆರೆ. ಮತ್ತೆ ಮೊದಲಿನಿಂದ. ಹೊರಗೆ ಮಳೆ ಶುರುವಾಗಿ ನಿಂತು ಮತ್ತೆ ಶುರುವಾಯಿತು. ನಾನು ಗೋಡೆಗೆ ಒರಗಿ ನಿಂತು, ಅವರು ಎದ್ದು ನನ್ನನ್ನು ಬೈಯಲಿ, ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ಅವರ ಭುಜ ಸಣ್ಣಗೆ ಅಲುಗುತ್ತಿರುವುದು ಕಂಡಿತು. ಅಳುತ್ತಿದ್ದಾರೆ ಎಂದುಕೊಂಡೆ.

ಅವರು ತಿರುಗಿದರು. ಕಣ್ಣಲ್ಲಿ ನೀರಿತ್ತು, ಆದರೆ ಅವರು ನಗುತ್ತಿದ್ದರು.

"ಸದ್ಯ," ಎಂದರು. "ಸದ್ಯ ಕಣಮ್ಮ."

ನನಗೆ ಅರ್ಥವಾಗಲಿಲ್ಲ.

"ಇಪ್ಪತ್ತಾರು ವರ್ಷ ಹುಡುಕಿದೀನಿ. ಆ ಗುಡ್ಡದಲ್ಲಿ ನಾನು ಬಗ್ಗಿ ನೋಡದೇ ಇರೋ ಜಾಗ ಇಲ್ಲ. ಸಿಗ್ಲಿಲ್ಲ ಅಂದ್ರೆ ಏನು ಅಂದ್ಕೊಬೇಕು ನಾನು? ನನ್ ಕಣ್ಣು ಸರಿ ಇಲ್ಲ ಅಂದ್ಕೊಂಡೆ. ಇಲ್ಲ, ಇದ್ದ ಒಂದೇ ಒಂದನ್ನ ನಾನೇ ಹಿಡಿದು ಕೊಂದುಬಿಟ್ಟೆ ಅಂತ. ಅದು ಕೊನೇದಾಗಿತ್ತು ಅಂತ. ಎಷ್ಟೋ ಸಲ ಹಂಗನ್ಸಿ ಊಟ ಸೇರ್ತಿರ್ಲಿಲ್ಲ, ನಿಮ್ಮ ಮೇಡಂನ ಕೇಳು. ಅದು ಇರ್ಲೇ ಇಲ್ಲ! ನಾನು ಯಾರನ್ನೂ ಕೊಂದಿಲ್ಲ." ಅವರು ಕನ್ನಡಕ ತೆಗೆದು ಒದ್ದೆ ಅಂಗಿಯ ತುದಿಯಲ್ಲೇ ಒರೆಸಿಕೊಂಡರು. "ಇನ್ನು ಹುಡ್ಕೋ ಹಂಗಿಲ್ಲ ನೋಡು."

ಆಗ ನಾನು ಅತ್ತೆ. ಇದು ಎರಡನೆಯ ಸಲ, ಮೆಟ್ಟಿಲ ಮೇಲಿನದನ್ನೂ ಸೇರಿಸಿದರೆ. ಎದೆಯ ಮೇಲೆ ಕೂತಿದ್ದುದು ಯಾವುದೋ ಎದ್ದುಹೋದ ಹಾಗೆ, ತಡೆಯಲಾರದೆ ಅತ್ತೆ. ಸರ್ ನನ್ನನ್ನು ಸಮಾಧಾನ ಮಾಡುವ ಗೋಜಿಗೇ ಹೋಗದೆ ಇನ್ನೊಮ್ಮೆ ಕೊಂಬಿನ ತಲೆ ನೋಡಲು ಬಾಗಿದರು. "ಚೆನ್ನಾಗೇ ಅಂಟಿಸಿದಾನೆ," ಎಂದರು ಮೆಚ್ಚಿಕೊಂಡವರ ದನಿಯಲ್ಲಿ. ಯಾರೆಂದು ನನ್ನನ್ನು ಕೇಳಲಿಲ್ಲ. ನೇರ ಬಾಗಿಲ ಕಡೆಗೆ ತಿರುಗಿ, "ರಂಗಯ್ಯಾ!" ಎಂದು ಕೂಗಿದರು.

ಮುದ್ದುರಂಗಯ್ಯನವರು ಬಂದು ಬಾಗಿಲಲ್ಲೇ ನಿಂತರು. ನಾನು ಹೇಳಿಲ್ಲವೆಂದು ಕಣ್ಣಿನಲ್ಲೇ ತಿಳಿಸಲು ನೋಡಿದೆ, ಅವರು ನನ್ನ ಕಡೆ ನೋಡಲೇ ಇಲ್ಲ.

"ಅವತ್ತು ಆಯುಧಪೂಜೆ ದಿನವೇನಯ್ಯ?" ಎಂದರು ಸರ್. ಹೇಗೆ ಊಹಿಸಿದರೋ, ಬಹುಶಃ ತಾವು ಊರಲ್ಲಿಲ್ಲದ ದಿನಗಳನ್ನು ಎಣಿಸಿರಬೇಕು.

"ಊಂ ಸಾ."

"ಒಟ್ಟು ಎಷ್ಟು ತಲೆ ಉದುರಿತ್ತು? ಸರಿಯಾಗಿ ಜ್ಞಾಪಿಸ್ಕೊಂಡು ಹೇಳು."

"ಎರಡೇ ಸಾ."

"ಆಮೇಲೆ? ಬೇರೆ ವರ್ಷ?"

"ಇಲ್ಲ ಸಾ. ಅವತ್ತಿಂದ ಪೆಟ್ಟಿಗೇನ ಎರಡು ಕೈಲೇ ಎತ್ತೋದು. ನಮ್ಮ ಮನೆದೇವ್ರಾಣೆಗೂ ಎರಡೇ."

ಸರ್ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಆಗ ಹೊಳೆಯಿತು ನನಗೂ: ಸಂಗ್ರಹದಲ್ಲಿ ಇದೇ ಕೈ ಮುಟ್ಟಿದ ಹನ್ನೆರಡು ಸಾವಿರ ಹುಳುಗಳಿದ್ದವು!

"ಏನಾರ ತೊಂದ್ರೆ ಆಯ್ತಾ ಸಾ, ನನ್ನಿಂದ?" ಎಂದು ರಂಗಯ್ಯನವರು ಕೇಳಿದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು.

ಸರ್ ಕೆಸರಾದ ತಮ್ಮ ಪ್ಯಾಂಟನ್ನು ಒಮ್ಮೆ ನೋಡಿಕೊಂಡರು. ನನ್ನನ್ನು ನೋಡಿದರು. ಇಪ್ಪತ್ತಾರು ಮಳೆಗಾಲಗಳ ಲೆಕ್ಕ ಹೇಳಬಹುದಿತ್ತು, ಹೇಳಲಿಲ್ಲ. "ಏನಿಲ್ಲ ಹೋಗಯ್ಯ," ಎಂದರು. "ಮೂರು ಕಾಫಿ ಹೇಳು. ನಿನಗೂ ಸೇರಿಸಿ."

ಅಂದಿನ ಮಟ್ಟಿಗೆ ನಾನು ಕಂಡ ಅತಿ ದೊಡ್ಡ ಮನುಷ್ಯರು ಅವರೇ. ಈಗಲೂ ಆ ಮಾತನ್ನು ಬದಲಿಸಬೇಕೆಂದು ಅನ್ನಿಸಿಲ್ಲ.

ಆ ಹೆಸರನ್ನು ಕೈಬಿಡುವ ಟಿಪ್ಪಣಿಯನ್ನು ಸರ್ ತಾವೇ ಕೂತು ಬರೆದರು. ಇಪ್ಪತ್ತಾರು ವರ್ಷದ ಹಿಂದೆ ಅದನ್ನು ಪ್ರಕಟಿಸಿದ್ದ ಪತ್ರಿಕೆಗೇ ಕಳಿಸಿದರು. ನೋಡುವಾಗ ಎಚ್ಚರ ತಪ್ಪಿದ್ದು ತಾವು ಎಂದು ಒಂದೇ ವಾಕ್ಯದಲ್ಲಿ ಬರೆದು, ತಲೆ ಬದಲಾದದ್ದು ಸಂಗ್ರಹದಲ್ಲಿ ಆಕಸ್ಮಿಕವಾಗಿ ಎಂದಷ್ಟೇ ಸೇರಿಸಿದರು. ಪೂಜೆಯ ಮಾತಾಗಲೀ, ಯಾರ ಹೆಸರಾಗಲೀ ಅದರಲ್ಲಿ ಬರಲಿಲ್ಲ. ನಾನು ಐದು ವಾರದಲ್ಲಿ ಹಗಲೆಲ್ಲ ಕೂತು ಪ್ರಬಂಧ ತಿದ್ದಿದೆ. ಗಡುವಿಗೆ ನಾಲ್ಕು ದಿನ ಮುಂಚೆ ಕೊಟ್ಟೆ. ಮೌಖಿಕ ಪರೀಕ್ಷೆಗೆ ಅದೇ ಕನ್ನಡಕದ ತಜ್ಞರು ಬಂದಿದ್ದರು. ಬಾಯಿಯ ಭಾಗ ನೋಡಿದಿರೇನಮ್ಮಾ ಎಂದು ಮತ್ತೆ ಕೇಳಿದರು. ಎರಡು ಬಾಯಿಗಳನ್ನು ನೋಡಿದೆ ಸರ್ ಎಂದೆ. ಕೋಣೆಯೆಲ್ಲ ನಕ್ಕಿತು, ಎಲ್ಲರಿಗಿಂತ ಗಟ್ಟಿಯಾಗಿ ನನ್ನ ಗೈಡ್ ನಕ್ಕರು.

ಮುಂದಿನ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಪದವಿಯ ಸಿಹಿ ಕೊಡಲು ಅಷ್ಟು ತಡವಾಗಿ ಹೋಗಿದ್ದಕ್ಕೆ ವಿಶಾಲಾಕ್ಷಮ್ಮನವರು ಮೊದಲು ಬೈದರು, ಆಮೇಲೆ ಬಾಳೆಕಾಯಿ ಬಜ್ಜಿಯ ತಟ್ಟೆ ತಂದಿಟ್ಟರು.

"ನಿನಗೆ ಪುಣ್ಯ ಬರ್ಲಿ ಕಣೆ," ಎಂದರು ಕುರ್ಚಿ ಎಳೆದುಕೊಂಡು. "ಮದುವೆಯಾದ ಹೊಸದ್ರಲ್ಲಿ ಎಲ್ಲರ ಗಂಡಂದಿರು ಸೀರೆ ತಂದ್ರೆ ಇವ್ರು ಸಗಣಿ ಹುಳಕ್ಕೆ ನನ್ ಹೆಸ್ರಿಟ್ಟು ಬಂದ್ರು. ನಮ್ಮಮ್ಮಂಗೆ ಹೇಳಕ್ಕೂ ಆಗ್ಲಿಲ್ಲ, ನಗಕ್ಕೂ ಆಗ್ಲಿಲ್ಲ. ಅಂತೂ ಹೋಯ್ತಲ್ಲ, ಪೀಡೆ! ಮಳೆಗಾಲ ಹೆಂಗಿರತ್ತೆ ಅಂತ ಇವ್ರು ಮನೇಲಿ ಕೂತು ನೋಡ್ತಿರೋದು ಇದೇ ಮೊದಲು."

ಸರ್ ಜಗುಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಾದಗಳು ಒಣಗಿ ಬೆಳ್ಳಗಿದ್ದವು. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಮಾತಿನ ನಡುವೆ ಎಲ್ಲಿಂದಲೋ ಒಂದು ಕಪ್ಪು ಹುಳು ಹಾರಿಬಂದು, ಗೋಡೆಗೆ ಬಡಿದು, ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಅಂಗಾತ ಬಿತ್ತು. ಆರೂ ಕಾಲು ಗಾಳಿಯಲ್ಲಿ ಬಡಿಯುತ್ತಾ ಬುಗುರಿಯ ಹಾಗೆ ತಿರುಗತೊಡಗಿತು. ನನ್ನ ಕೈ ತಾನಾಗಿ ಚೀಲದ ಬಾಟಲಿಗೆ ಹೋಯಿತು.

ಸರ್ ಬಾಗಿ, ಬಜ್ಜಿ ಹಿಡಿದಿದ್ದ ಕೈಯ ಕಿರುಬೆರಳಿನಿಂದ ಅದನ್ನು ಮೆಲ್ಲಗೆ ಮಗುಚಿಹಾಕಿದರು. ಕನ್ನಡಕ ಒಳಗೆಲ್ಲೋ ಇತ್ತು, ತರಲು ಏಳಲಿಲ್ಲ. ಹುಳು ಒಂದು ಕ್ಷಣ ಸುಧಾರಿಸಿಕೊಂಡು, ಜಗುಲಿಯ ಅಂಚಿನವರೆಗೆ ನಡೆದು, ಒದ್ದೆ ಮಣ್ಣಿಗೆ ಇಳಿಯಿತು. ಅವರು ಮಳೆ ನೋಡುತ್ತಾ ಬಜ್ಜಿ ಮುಗಿಸಿದರು.